1/24ರಲ್ಲಿ ಬೆಂಗಳೂರಿನ ಆಟೋ: ಕಿಟ್ ಇಲ್ಲದೆ ಎಲ್ಲಿಂದ ಶುರು ಮಾಡಲಿ?

ಕಿಟಕಿಬದಿ

ಮನೆ ಮಲ್ಲೇಶ್ವರ, ಕೆಲಸ ಬ್ಯಾಂಕಿನಲ್ಲಿ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಊಟದ ಮೇಜಿನ ಒಂದು ತುದಿ ನನ್ನದು. ಹಳೆಯ ಪತ್ರಿಕೆ ಹಾಸಿಕೊಂಡು ಪ್ಲಾಸ್ಟಿಕ್ ಮಾದರಿ ಕಾರಿನ ಕಿಟ್ ಕಟ್ಟುತ್ತೇನೆ. ಹೆಚ್ಚಿನವು ತಮಿಯಾ ಕಂಪನಿಯವು, ಎಲ್ಲವೂ 1/24 ಅಳತೆಯವು, ಅಂದರೆ ನಿಜವಾದ ಗಾಡಿಯ ಇಪ್ಪತ್ತನಾಲ್ಕನೇ ಒಂದು ಪಾಲು. ಡಬ್ಬಿ ತೆರೆದರೆ ಬಿಡಿಭಾಗಗಳು ಚೌಕಟ್ಟಿಗೆ ಅಂಟಿಕೊಂಡೇ ಬಂದಿರುತ್ತವೆ. ಸಂಖ್ಯೆ ನೋಡಿ ಕತ್ತರಿಸಿ, ಉಜ್ಜಿ, ಅಂಟಿಸಿದರೆ ಆಯಿತು. ಅಷ್ಟರ ಮಟ್ಟಿಗೆ ಕೈ ಪಳಗಿದೆ. ಬಣ್ಣಕ್ಕೆ ಸ್ಪ್ರೇ ಕ್ಯಾನ್, ಏರ್‌ಬ್ರಷ್ ಇಲ್ಲ.

ಕಪಾಟಿನಲ್ಲಿ ಜಪಾನು, ಇಟಲಿ, ಜರ್ಮನಿಯ ಗಾಡಿಗಳೆಲ್ಲ ಬಂದು ನಿಂತಿವೆ. ನಮ್ಮ ಅತ್ತೆ ಅದರ ಮುಂದೆ ನಿಂತು, "ಇಷ್ಟೆಲ್ಲ ಕಟ್ಟಿದ್ದೀಯಲ್ಲ, ನಾನು ಹತ್ತಿ ಇಳಿದ ಗಾಡಿ ಇದರಲ್ಲಿ ಒಂದಾದರೂ ಇದೆಯೇ?" ಎಂದು ಕೇಳಿದರು. ಇರಲಿಲ್ಲ. ಅಂದಿನಿಂದ ಆಟೋ ತಲೆಯೊಳಗೆ ಹೊಕ್ಕಿದೆ. ಅಂಗಡಿಯ ಆಟಿಕೆ ಬೇಡ. ಆ ಕಾರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಅಳತೆ ಕೂಡಿಬರುವಂಥ, ನೋಡಿದವರು "ಇದು ನಮ್ಮೂರಿನದೇ" ಎನ್ನುವಂಥ ಆಟೋ ಬೇಕು.

ಚಪ್ಪಟೆ ಭಾಗಗಳನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಕತ್ತರಿಸಬಹುದು ಎಂಬ ಧೈರ್ಯವಿದೆ. ಆದರೆ ಮುಂದಿನ ಆ ಉಬ್ಬಿದ ಮೂತಿ ಹೇಗೆ? ಮೇಲಿನ ರೆಕ್ಸಿನ್ ಹೊದಿಕೆ ಹೇಗೆ? ಮೂರು ಚಕ್ರ ಎಲ್ಲಿಂದ ತರಲಿ? ಈ ಮಳೆಗಾಲದಲ್ಲಿ ಬಣ್ಣ ಹೊಡೆಯಬಹುದೇ? ಕೈಯಲ್ಲೇ ಕಟ್ಟಿದ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಎರಡನೇ ಗೇರ್

ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಹಿಂದಕ್ಕೆಳೆದು ಬಿಟ್ಟರೆ ಓಡುವ ಆಟೋ ಆಟಿಕೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬಿಚ್ಚಿ, ಅಚ್ಚಿನ ಗೆರೆ ಉಜ್ಜಿ, ಹೊಸ ಬಣ್ಣ ಹೊಡೆಯಿರಿ. ನನ್ನ ಮೇಜಿನ ಮೇಲೆ ಹಾಗೆ ಮಾಡಿದ್ದು ಒಂದಿದೆ, ದೂರದಿಂದ ಚೆನ್ನಾಗಿಯೇ ಕಾಣುತ್ತದೆ.

ಅರ್ಧ ಇಂಚು

ದೂರದಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ಸ್ವಾಮಿ. ಆಟಿಕೆಯವರು ಡಬ್ಬಿಗೆ ಹಿಡಿಸುವಷ್ಟು ಗಾಡಿ ಮಾಡುತ್ತಾರೆ, ಗಾಡಿಗೆ ತಕ್ಕ ಡಬ್ಬಿಯನ್ನಲ್ಲ. ಒಳಗಿನ ಸ್ಪ್ರಿಂಗ್ ಯಂತ್ರಕ್ಕೆ ಜಾಗ ಬೇಕೆಂದು ನೆಲ ಎತ್ತರಿಸುತ್ತಾರೆ, ಚಕ್ರ ದಪ್ಪ ಮಾಡುತ್ತಾರೆ. ಮೇಡಂ ಕೇಳಿದ್ದು ಕಾರುಗಳ ಪಕ್ಕದಲ್ಲಿ ಅಳತೆಗೆ ನಿಲ್ಲುವ ಆಟೋ. ಅದನ್ನು ಕಟ್ಟಿಯೇ ಪಡೆಯಬೇಕು.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಳತೆಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

1/24 ಎಂದರೆ ಒಂದು ಅಡಿಗೆ ಅರ್ಧ ಇಂಚು. ಮೂವತ್ತು-ನಲವತ್ತರ ಸೈಟು 15 ಇಂಚು ಅಗಲ, 20 ಇಂಚು ಉದ್ದದ ಹಲಗೆಯಾಗುತ್ತದೆ. ಹೀಗೆ ಅಡಿ ಲೆಕ್ಕದಲ್ಲಿ ಯೋಚಿಸಲು ಕಲಿತರೆ ಕ್ಯಾಲ್ಕುಲೇಟರ್ ಹಿಡಿಯುವ ಅಗತ್ಯವೇ ಬೀಳದು. ನಮ್ಮ ಆಟೋ ಸುಮಾರು 2.6 ಮೀಟರ್ ಉದ್ದ, 1.3 ಮೀಟರ್ ಅಗಲ, 1.7 ಮೀಟರ್ ಎತ್ತರ. ನಿಮ್ಮ ಮೇಜಿನ ಮೇಲೆ ಅದು 11 ಸೆಂಟಿಮೀಟರ್ ಉದ್ದ, 5.4 ಅಗಲ, 7 ಎತ್ತರ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಅಚ್ಚಿನವರೆಗೆ 2 ಮೀಟರ್, ಅಂದರೆ 8.3 ಸೆಂಟಿಮೀಟರ್. ಈ ಕೊನೆಯ ಅಳತೆಯನ್ನು ಮಾತ್ರ ಕೂದಲೆಳೆಯಷ್ಟೂ ಬಿಡಬೇಡಿ. ಮಿಕ್ಕದ್ದರಲ್ಲಿ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಕಣ್ಣು ಕ್ಷಮಿಸುತ್ತದೆ, ಚಕ್ರಗಳ ಅಂತರದಲ್ಲಿ ಕ್ಷಮಿಸುವುದಿಲ್ಲ.

ಅಂತರ್ಜಾಲದ ಅಂಕಿಗಳನ್ನು ನಂಬಿ ಕೂರದೆ ಟೇಪು ಹಿಡಿದು ಸ್ಟ್ಯಾಂಡಿಗೆ ಹೋಗಿ. ಮಧ್ಯಾಹ್ನದ ಹೊತ್ತು ಬಾಡಿಗೆ ಕಡಿಮೆ, ಚಾಲಕರಿಗೂ ಬೇಸರ. ಯಾಕೆಂದು ಹೇಳಿ ಕೇಳಿದರೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ. ಫೋಟೋ ತೆಗೆಯುವಾಗ ಹತ್ತಿರ ನಿಲ್ಲಬೇಡಿ. ಮೊಬೈಲ್ ಹತ್ತಿರದ ಭಾಗವನ್ನು ಉಬ್ಬಿಸಿ ತೋರಿಸುತ್ತದೆ. ಆ ಚಿತ್ರ ನೋಡಿ ಕಟ್ಟಿದರೆ ಮೂತಿ ದಪ್ಪಗಾಗುತ್ತದೆ. ರಸ್ತೆಯ ಆಚೆ ಬದಿಗೆ ಹೋಗಿ, ಅಲ್ಲಿಂದ ಜೂಮ್ ಮಾಡಿ, ನೇರ ಪಕ್ಕದಿಂದ ಒಂದು, ನೇರ ಮುಂದಿನಿಂದ ಒಂದು, ನೇರ ಹಿಂದಿನಿಂದ ಒಂದು ತೆಗೆಯಿರಿ.

ಹಳೆಯ ಕಾಲದ ಆಟೋ ಬೇಕು, ಫೋಟೋ ಮಾತ್ರ ಇದೆ ಎಂದಾದರೆ ಟೈರನ್ನೇ ಅಳತೆಕೋಲು ಮಾಡಿಕೊಳ್ಳಿ. ಆಟೋ ಟೈರಿನ ಬದಿಯಲ್ಲಿ 4.00-8 ಎಂದು ಬರೆದಿರುತ್ತದೆ: ಟೈರಿನ ಅಗಲ 4 ಇಂಚು, ಒಳಗಿನ ರಿಮ್ಮು 8 ಇಂಚು. ಫೋಟೋದಲ್ಲಿ ರಿಮ್ಮು ಎಷ್ಟು ಮಿಲಿಮೀಟರ್ ಬಂದಿದೆಯೋ ಅದು 203 ಮಿಲಿಮೀಟರಿಗೆ ಸಮ. ಅದರಿಂದ ಮಿಕ್ಕ ಎಲ್ಲವನ್ನೂ ಎಳೆದು ತರಬಹುದು. ಚಿತ್ರ ನೇರ ಪಕ್ಕದಿಂದ ತೆಗೆದದ್ದಾಗಿರಬೇಕು, ಅಷ್ಟೇ.

ಈಗ ಚಕ್ರ. ಅದೇ ಲೆಕ್ಕದಲ್ಲಿ ಟೈರಿನ ಹೊರ ಅಡ್ಡಳತೆ ಸುಮಾರು 17 ಮಿಲಿಮೀಟರ್, ಒಳಗಿನದು 8.5, ದಪ್ಪ 4ಕ್ಕೆ ಸ್ವಲ್ಪ ಹೆಚ್ಚು. ಇದನ್ನು ಯಾರೂ ಮಾಡಿ ಮಾರುವುದಿಲ್ಲ ಎಂದುಕೊಳ್ಳಬೇಡಿ. ಯಂತ್ರಗಳಲ್ಲಿ ಎಣ್ಣೆ ಸೋರದಂತೆ ಹಾಕುವ ರಬ್ಬರ್ ಓ-ರಿಂಗ್ ಇದೆಯಲ್ಲ, ಅದನ್ನು 9 ಒಳಗಳತೆ, 4 ದಪ್ಪ ಎಂದು ಕೇಳಿ. ಹಳೆ ಮಾದರಿಯ ಕಿರಿದಾದ ಟೈರಾದ್ದರಿಂದ ದುಂಡನೆಯ ಆಕಾರ ಹೊಂದುತ್ತದೆ. ಕಾರಿನ ಚಪ್ಪಟೆ ಟೈರಿಗಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಮರಳು ಕಾಗದದ ಮೇಲೆ ಉರುಳಿಸಿ ಹೊಳಪು ತೆಗೆಯಿರಿ. ಒಂದು ಎಚ್ಚರಿಕೆ: ಮೆತ್ತನೆಯ ಟೈರಿನಿಂದ ಕಾಲಕ್ರಮೇಣ ಜಿನುಗುವ ಎಣ್ಣೆಯಂಥ ಅಂಶ ಪಾಲಿಸ್ಟೈರೀನನ್ನು, ಅಂದರೆ ಕಿಟ್ಟಿನ ಪ್ಲಾಸ್ಟಿಕ್ಕನ್ನು, ಕರಗಿಸುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ ರಿಮ್ಮು ಟೈರಿನೊಳಗೆ ಅಂಟಂಟಾಗಿ ಕೂತಿರುತ್ತದೆ. ಆದ್ದರಿಂದ ರಿಮ್ಮು ಮರದ್ದೋ ಹಿತ್ತಾಳೆಯದ್ದೋ ಇರಲಿ. ಚನ್ನಪಟ್ಟಣದವರು ಗೊಂಬೆಗೆ ಬಳಸುವ ಹಾಲೆ ಮರ ಇದಕ್ಕೆ ಹೇಳಿ ಮಾಡಿಸಿದ್ದು. ಎಳೆ ಬಹಳ ಸಣ್ಣ, 8 ಮಿಲಿಮೀಟರಿಗೆ ಕಡೆದರೂ ಸಿಬಿರೇಳುವುದಿಲ್ಲ. ಡ್ರಿಲ್ ಯಂತ್ರಕ್ಕೆ ಕಡ್ಡಿ ಕಚ್ಚಿಸಿ ಅರದಿಂದ ಉಜ್ಜಿದರೂ ರಿಮ್ಮು ಆಗುತ್ತದೆ.

ಮೂತಿಗೆ ಮರದ ಅಚ್ಚು ಬೇಕು. ಹಾಲೆ ಮರದಲ್ಲೇ ಕೆತ್ತಿ, ನುಣ್ಣಗೆ ಉಜ್ಜಿ. ಶೀಟು 1 ಮಿಲಿಮೀಟರಿನದ್ದಾದರೆ ಅಚ್ಚು ಎಲ್ಲ ಕಡೆ 1 ಮಿಲಿಮೀಟರ್ ಕಡಿಮೆ ಇರಬೇಕು. ಪ್ಲೈವುಡ್ಡಿನಲ್ಲಿ ಮೂತಿಯ ಹೊರ ಆಕಾರದ ತೂತು ಕೊರೆದು, ಅದರ ಮೇಲೆ ಶೀಟನ್ನು ಮೊಳೆಯಿಂದ ಬಿಗಿದು, ಬಿಸಿ ಗಾಳಿ ತೋರಿಸಿ. ಶೀಟು ಮೊದಲು ಅಲೆಯಲೆಯಾಗಿ ಏಳುತ್ತದೆ, ಆಮೇಲೆ ಬಿಗಿಯಾಗುತ್ತದೆ, ನಂತರ ನಡುವೆ ಜೋತುಬೀಳುತ್ತದೆ. ಆ ಜೋತುಬೀಳುವ ಕ್ಷಣಕ್ಕೆ ಅಚ್ಚನ್ನು ಒಂದೇ ಸಲ ಒತ್ತಿ ಹಿಡಿಯಬೇಕು. ಅನುಮಾನಿಸಿ ಅರ್ಧಕ್ಕೆ ನಿಲ್ಲಿಸಿದರೆ ನೆರಿಗೆ ಬೀಳುತ್ತದೆ. ನಾಲ್ಕೈದು ತುಂಡು ಶೀಟು ಇಟ್ಟುಕೊಂಡೇ ಕುಳಿತುಕೊಳ್ಳಿ, ಕಿಟಕಿ ತೆರೆದಿರಲಿ.

ಚಪ್ಪಟೆ ಭಾಗಗಳ ಬಗ್ಗೆ ನಿಮಗೆ ಧೈರ್ಯವಿದೆ ಎಂದಿರಿ. ಒಂದೇ ಮಾತು ಸೇರಿಸುತ್ತೇನೆ. ನಿಜವಾದ ಆಟೋದ ತಗಡು 1 ಮಿಲಿಮೀಟರ್ ಆಸುಪಾಸು. ನೀವು ಬಳಸುವ ಶೀಟೂ 1 ಮಿಲಿಮೀಟರ್. ಅದನ್ನು 24ರಿಂದ ಗುಣಿಸಿ ನೋಡಿ: ನಿಮ್ಮ ಆಟೋದ ತಗಡು ಹೆಚ್ಚುಕಡಿಮೆ ಒಂದು ಇಂಚು ದಪ್ಪ! ಕೈಯಲ್ಲಿ ಕಟ್ಟಿದ ಮಾದರಿಗಳು ಆಟಿಕೆಯಂತೆ ಕಾಣಲು ಮುಖ್ಯ ಕಾರಣ ಇದೇ, ಬಣ್ಣವಲ್ಲ. ಎಲ್ಲೆಲ್ಲಿ ಅಂಚು ಕಣ್ಣಿಗೆ ಬೀಳುತ್ತದೆಯೋ, ಅಂದರೆ ಹತ್ತುವ ಜಾಗ, ಚಕ್ರದ ಮೇಲಿನ ಕಮಾನು, ಮೂತಿಯ ಕೆಳ ಅಂಚು, ಅಲ್ಲೆಲ್ಲ ಒಳಗಿನಿಂದ ಇಳಿಜಾರಾಗಿ ಕೆರೆದು ಬ್ಲೇಡಿನ ಅಲಗಿನಷ್ಟು ತೆಳುಮಾಡಿ. ಬಲ ಒಳಗೆ ಇರಲಿ, ಹೊರಗಿನ ಅಂಚು ತಗಡೆಂದು ನಂಬಿಸಲಿ.

ಹೊದಿಕೆ. ಮೊದಲು ಕೆಳಗಿನ ಕಂಬಿಗಳು. ಅವಕ್ಕೆ 20 ಗೇಜಿನ ತಂತಿ ಸಾಕು, 0.9 ಮಿಲಿಮೀಟರ್ ಬರುತ್ತದೆ. ತಾಮ್ರವಾದರೆ ಎರಡು ಇಕ್ಕಳದಲ್ಲಿ ಹಿಡಿದು ಒಮ್ಮೆ ಬಲವಾಗಿ ಎಳೆಯಿರಿ, ನೆಟ್ಟಗೂ ಆಗುತ್ತದೆ, ಗಡುಸೂ ಆಗುತ್ತದೆ. ಕಂಬಿಗಳನ್ನು ಒಂದೇ ಮರದ ಅಚ್ಚಿನ ಮೇಲೆ ಬಗ್ಗಿಸಿ, ಇಲ್ಲವಾದರೆ ಒಂದೊಂದು ಒಂದೊಂದು ಕಡೆ ನೋಡುತ್ತದೆ. ಮೇಲೆ ಟಿಶ್ಯೂ ಕಾಗದದ ಎರಡು ಪದರ, ನೀರು ಬೆರೆಸಿದ ಬಿಳಿ ಫೆವಿಕಾಲ್‌ನಲ್ಲಿ ನೆನೆಸಿ ಹಾಸಬೇಕು. ಹಾಸಿದಾಗ ನೆನೆದ ಹಪ್ಪಳದಂತೆ ಸೋತುಬಿದ್ದಿರುತ್ತದೆ, ಗಾಬರಿಯಾಗಿ ಎಳೆಯಲು ಹೋಗಬೇಡಿ. ಒಣಗುತ್ತಾ ತಾನಾಗಿ ಬಿಗಿಯುತ್ತದೆ, ಕಂಬಿಯಿಂದ ಕಂಬಿಗೆ ಸಣ್ಣ ತಗ್ಗು ಉಳಿಯುತ್ತದೆ. ನಿಜವಾದ ರೆಕ್ಸಿನ್ ನಿಲ್ಲುವುದೂ ಹಾಗೆಯೇ. ಆ ತಗ್ಗು ಶೀಟಿನಲ್ಲಿ ಬರುವುದಿಲ್ಲ.

ಗಾಜಿಗೆ ತೆಳುವಾದ ಪಾರದರ್ಶಕ ಹಾಳೆ. ಅದನ್ನು ಅಂಟಿಸಲು ಬಿಳಿ ಫೆವಿಕಾಲ್ ಮಾತ್ರ. ಫೆವಿಕ್ವಿಕ್ ಬಳಸಿದರೆ ಅದರ ಆವಿ ಗಾಜಿನ ಮೇಲೆ ಬೆಳ್ಳಗೆ ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ಬಣ್ಣ ಮಳೆಗಾಲದಲ್ಲಿ ಬೇಡ. ಕ್ಯಾನಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಬಣ್ಣ ಹಾಲು ಹಾಲಾಗುತ್ತದೆ. ತಡೆಯಲಾಗದಿದ್ದರೆ ಬಿಸಿಲು ಬಿದ್ದ ಮಧ್ಯಾಹ್ನ ನೋಡಿ ಹೊಡೆಯಿರಿ. ಹಳದಿಯನ್ನು ಬಿಳಿ ಪ್ರೈಮರ್ ಮೇಲೆಯೇ ಹೊಡೆಯಬೇಕು. ಬೂದು ಪ್ರೈಮರ್ ಮೇಲೆ ಎಷ್ಟು ಪದರ ಹಾಕಿದರೂ ಅದು ಕೊಳಕು ಹಸಿರಿನ ಕಡೆಗೆ ವಾಲುತ್ತದೆ. ಹೊದಿಕೆ ಬೇರೆ, ಮೈ ಬೇರೆಯಾಗಿ ಕಟ್ಟಿ ಬೇರೆ ಬೇರೆಯಾಗಿಯೇ ಬಣ್ಣ ಹೊಡೆದು ಕೊನೆಗೆ ಕೂಡಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ತಾಗದಂತೆ ಟೇಪು ಅಂಟಿಸುವ ಗೋಜೇ ಇಲ್ಲ.

ಪೈಪಿಂಗ್ ಹೊಲಿಗೆ

ಯಜಮಾನರು ಹೇಳಿದ್ದೆಲ್ಲ ಸರಿ. ನಾನು ಆಟೋ ಕುಶನ್ ಕೆಲಸದವನು, ಮಾದರಿ ಕಟ್ಟುವವನಲ್ಲ. ಮಗ ಕಟ್ಟುತ್ತಾನೆ, ಅವನ ಹೆಸರಿನಲ್ಲಿ ಓದುತ್ತಿರುತ್ತೇನೆ. ಹೊದಿಕೆಯ ವಿಷಯಕ್ಕೆ ನಾಲ್ಕು ಮಾತು.

ಹೊದಿಕೆ ಒಂದೇ ತುಂಡು ಅಲ್ಲ ಮೇಡಂ. ನಡುವಿನ ಉದ್ದ ಪಟ್ಟಿ ಬೇರೆ, ಎರಡು ಬದಿಯವು ಬೇರೆ. ಅವು ಕೂಡುವಲ್ಲಿ ಪೈಪಿಂಗ್ ಕೊಡುತ್ತೇವೆ, ದಾರದಷ್ಟು ದಪ್ಪದ ಏರು ಕಾಣುತ್ತದೆ. ಆ ಗೆರೆ ಇಲ್ಲದಿದ್ದರೆ ಹೊದಿಕೆ ಬೋಳಾಗಿ ಕಾಣುತ್ತದೆ. ಟಿಶ್ಯೂ ಒಣಗುವ ಮೊದಲೇ ಹೊಲಿಗೆ ದಾರವೊಂದನ್ನು ಅಂಟಿನಲ್ಲಿ ಅದ್ದಿ ಆ ಜಾಗದಲ್ಲಿ ಕೂರಿಸಿ. ಹಿಂದೆ ಕಿಟಕಿಯ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊಲಿದಿರುತ್ತೇವೆ, ಸ್ವಲ್ಪ ದಿನಕ್ಕೆ ಅದು ಹಳದಿಯಾಗಿ ಮಬ್ಬಾಗುತ್ತದೆ. ಹೊಚ್ಚ ಹೊಸ ಗಾಜಿನಂತೆ ಫಳಫಳ ಹೊಳೆಸಬೇಡಿ.

ಎರಡನೆಯದು, ಎಡ ಬಲ ಒಂದೇ ಥರ ಮಾಡಬೇಡಿ. ಹತ್ತುವುದು ಇಳಿಯುವುದು ಎಡಗಡೆಯಿಂದ. ಬಲಗಡೆ ಪ್ರಯಾಣಿಕರ ಜಾಗಕ್ಕೆ ಅಡ್ಡ ಕಂಬಿ ಇರುತ್ತದೆ. ಮಗ ತೋರಿಸುವ ಚಿತ್ರಗಳಲ್ಲಿ ತುಂಬ ಜನ ಎರಡೂ ಬದಿ ತೆರೆದೇ ಬಿಟ್ಟಿರುತ್ತಾರೆ. ಮಳೆಗೆ ಇಳಿಬಿಡುವ ಪರದೆಯನ್ನು ಸುತ್ತಿ ಮೇಲೆ ಪಟ್ಟಿಯಿಂದ ಕಟ್ಟಿರುತ್ತೇವೆ. ಆ ಸುರುಳಿ ಇದ್ದರೆ ಬೆಂಗಳೂರಿನ ಆಟೋ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ರೆಕ್ಸಿನ್ ಬಿಸಿಲಿಗೆ ಮಂಕಾಗುವುದು ನೆತ್ತಿಯಲ್ಲಿ. ಬದಿಗಳಲ್ಲಿ ಬಣ್ಣ ಹಾಗೆಯೇ ಉಳಿದಿರುತ್ತದೆ. ಹಳೆಯ ಹೊದಿಕೆ ಬಿಚ್ಚಿ ಹರಡಿದರೆ ಮೂರು ಹಳದಿ ಕಾಣುತ್ತವೆ: ಮೇಲಿನದು ಬಿಳಿಚಿದ್ದು, ಬದಿಯದು ಗಾಢವಾದದ್ದು, ಕಂಬಿಗೆ ಮಡಿಸಿದ ಒಳ ಅಂಚಿನದು ಅಂಗಡಿಯಿಂದ ಆಗ ತಂದಂಥದ್ದು.

ಟ್ರ್ಯಾಕ್ ಲಿಂಕ್

ಮೇಲಿನ ಮೂರು ಹಳದಿಯ ಮಾತನ್ನು ನಾನು ಬರೆದಿಟ್ಟುಕೊಂಡೆ. ನಾನು ಯಲಹಂಕದವನು, 1/35ರ ಟ್ಯಾಂಕ್ ಕಟ್ಟುವವನು. ಟ್ಯಾಂಕಿನಿಂದ ಒಂದು ಪಾಠ: ಗಾಡಿಗೆ ಜೀವ ಬರುವುದು ಕೊಳೆಯಿಂದ. ಹಸಿರು ಒಣಗಿದ ಮೇಲೆ ಸ್ಪಾಂಜಿನ ತುಂಡಿನಿಂದ ಅಂಚುಗಳಲ್ಲಿ ಬಣ್ಣ ಎದ್ದ ಗುರುತು ಕೊಡಿ, ಮೊಳೆಗಳ ಕೆಳಗೆ ತುಕ್ಕು ಇಳಿದ ಗೆರೆ ಎಳೆಯಿರಿ, ತಳಕ್ಕೆಲ್ಲ ಕೆಮ್ಮಣ್ಣಿನ ಪುಡಿ ಹಚ್ಚಿ. ತೆಳುವಾದ ಕಂದು ಬಣ್ಣವನ್ನು ಸಂದುಗಳಿಗೆ ಹರಿಸಿ ಒರೆಸಿದರೆ ಪ್ರತಿ ಗೆರೆಯೂ ಎದ್ದು ಕಾಣುತ್ತದೆ. ಹೊಳೆಯುವ ಆಟೋ ಷೋರೂಮಿನಲ್ಲಿ ಮಾತ್ರ ಇರುತ್ತದೆ.

ಇನ್ನೊಂದು: ಅಂಗಡಿಯ ಹಸಿರನ್ನು ನೇರವಾಗಿ ಹೊಡೆದರೆ ಸಣ್ಣ ಗಾಡಿಯ ಮೇಲೆ ಕಪ್ಪಗೆ ಕಾಣುತ್ತದೆ. ದೊಡ್ಡ ವಸ್ತುವಿನ ಮೇಲಿನ ಬಣ್ಣ ಚಿಕ್ಕದರ ಮೇಲೆ ತುಸು ಗಾಢವಾಗಿ ಕಾಣುತ್ತದೆ. ಸ್ವಲ್ಪ ತಿಳಿಯಾದ ಹಸಿರನ್ನು ಆರಿಸಿಕೊಳ್ಳಿ.

ಅರ್ಧ ಇಂಚು

ಬಣ್ಣ ತಿಳಿ ಮಾಡುವ ಮಾತು ಒಪ್ಪಿದೆ. ಕೊಳೆಯ ಮಾತು ಒಪ್ಪಲಾರೆ, ತಮ್ಮ.

ಟ್ಯಾಂಕನ್ನು ಯಾರೂ ಬೆಳಿಗ್ಗೆ ಎದ್ದು ಒರೆಸುವುದಿಲ್ಲ. ಆಟೋವನ್ನು ಒರೆಸುತ್ತಾರೆ. ಯಾವ ಸ್ಟ್ಯಾಂಡಿಗಾದರೂ ಏಳು ಗಂಟೆಗೆ ಹೋಗಿ ನೋಡಿ, ಬಕೆಟ್ಟು ಬಟ್ಟೆ ಹಿಡಿದು ನಿಂತಿರುತ್ತಾರೆ. ಅದು ಹೊಟ್ಟೆಪಾಡಿನ ಗಾಡಿ, ಎಷ್ಟೋ ಜನ ಅದರ ಸಾಲದ ಕಂತು ಇನ್ನೂ ಕಟ್ಟುತ್ತಿರುತ್ತಾರೆ. ಮೊಳೆಯ ಕೆಳಗೆ ತುಕ್ಕಿನ ಗೆರೆ ಇಳಿಯುವ ತನಕ ಯಾರು ಬಿಟ್ಟಾರು? ಇವತ್ತು ಮಾದರಿ ಕಟ್ಟುವ ಹುಡುಗರಲ್ಲಿ ಒಂದು ಚಟ ಹತ್ತಿದೆ. ಎಲ್ಲ ಗಾಡಿಗೂ ಒಂದೇ ಕೊಳೆ, ಒಂದೇ ತುಕ್ಕು. ನಿನ್ನೆ ಬಂದ ಲಾರಿಯೂ ಹಾಗೆ, ಮಹಾಯುದ್ಧದ ಟ್ಯಾಂಕೂ ಹಾಗೆ. ಬಾಟಲಿಯಲ್ಲಿ ಬರುವ ಕೊಳೆಯನ್ನು ಬಳಿದ ಮೇಲೆ ಗಾಡಿಯನ್ನು ನೋಡುವ ಅಗತ್ಯವೇ ಉಳಿಯುವುದಿಲ್ಲ.

ಗಾಡಿಯ ಮೇಲಿನ ಪ್ರತಿ ಗುರುತಿಗೂ ಅದನ್ನು ಮಾಡಿದ ಒಂದು ಕೈಯೋ ಕಾಲೋ ಇರುತ್ತದೆ. ಅದನ್ನು ಹುಡುಕಿ. ಎಡಗಡೆ ಹತ್ತುವವರು ಹಿಡಿಯುವ ಕಂಬಿಯಲ್ಲಿ ಒಂದು ಗೇಣು ಜಾಗದ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ. ಅದರ ಮೇಲೂ ಕೆಳಗೂ ಬಣ್ಣ ಗಟ್ಟಿಯಾಗಿರುತ್ತದೆ. ಹತ್ತುವ ಅಂಚಿನಲ್ಲಿ ಚಪ್ಪಲಿ ಉಜ್ಜಿ ಹಸಿರು ಸವೆದಿರುತ್ತದೆ, ಆದರೆ ಹಿಂದಿನ ಅರ್ಧದಲ್ಲಿ ಮಾತ್ರ. ಮುಂದಿನ ಅರ್ಧಕ್ಕೆ ಯಾರೂ ಕಾಲಿಡುವುದಿಲ್ಲ. ಚಾಲಕನ ಬಲಗಾಲಿನ ಬ್ರೇಕ್ ಪೆಡಲ್ ಸವೆದು ಬೆಳ್ಳಿಯಾಗಿರುತ್ತದೆ. ಎಡಗೈಯಲ್ಲಿ ತಿರುಗಿಸುವ ಗೇರಿನ ಹಿಡಿಕೆ ಬಲಗೈಯದಕ್ಕಿಂತ ಹೆಚ್ಚು ನುಣುಪಾಗಿರುತ್ತದೆ. ಹಳೆಯ ಗಾಡಿಯಾದರೆ ಸೀಟಿನ ಪಕ್ಕ ಮೇಲೆಳೆದು ಶುರು ಮಾಡುವ ಸನ್ನೆ ಇರುತ್ತದೆ, ಅದರ ತುದಿಯೂ ಹಾಗೆಯೇ. ಪೆನ್ಸಿಲ್ಲಿನ ಸೀಸವನ್ನು ಬೆರಳಿಗೆ ಉಜ್ಜಿಕೊಂಡು ಆ ಜಾಗಗಳನ್ನು ಮಾತ್ರ ಮುಟ್ಟಿದರೆ ಸವೆದ ಲೋಹದ ಹೊಳಪು ಬರುತ್ತದೆ. ಮಿಕ್ಕ ಮೈ ಶುಚಿಯಾಗಿರಲಿ. ಚಕ್ರದ ಒಳಕಮಾನಿಗೂ ಹೊಗೆ ಕೊಳವೆಯ ಸುತ್ತಲಿಗೂ ಬೇಕಾದರೆ ತುಸು ಮಣ್ಣು, ಮಸಿ. ಅಲ್ಲಿಗೆ ಬಟ್ಟೆ ಹೋಗುವುದಿಲ್ಲ.

ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ, 1961ರಲ್ಲಿ ಮೊದಲು ಹಾರಿದ ಜಾತಿಯದು. ಅದರ ಮೈಯ ರಿವೆಟ್ ಸಾಲನ್ನು ಹತ್ತು ಹೆಜ್ಜೆ ದೂರದಿಂದ ನೋಡಿ. ರಿವೆಟ್ ಕಾಣುವುದಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ಒಂದು ಸಾಲು ಇದೆ ಎಂಬ ಸುಳಿವು ಮಾತ್ರ ಕಾಣುತ್ತದೆ. ಆದರೂ 1/72ರಲ್ಲಿ ಕಟ್ಟಿದವರು ರಿವೆಟ್ ಒಂದೊಂದಕ್ಕೂ ಕಂದು ನೀರು ತುಂಬಿ ತೋರಿಸುತ್ತಾರೆ. ಇದು ನನ್ನ ಹಳೆಯ ಜಗಳ, ಬಿಡಿ.

ಮೇಡಂ, ಬಣ್ಣ ಕೊಳ್ಳುವ ಮೊದಲು ಯಾವ ಕಾಲದ ಆಟೋ ಎಂದು ತೀರ್ಮಾನಿಸಿ. ಕಪ್ಪು ಮೈ, ಹಳದಿ ಹೊದಿಕೆಯಾದರೆ ಬಾವುಟ ತಿರುಗಿಸುವ ಯಾಂತ್ರಿಕ ಮೀಟರ್ ಇರಬೇಕು. ಹಸಿರು ಮೈಯಾದರೆ ಅಂಕಿ ಬೆಳಗುವ ಮೀಟರ್. ಅದರಲ್ಲಿ ಏನು ಬರೆಯುತ್ತೀರಿ ಎಂಬುದೂ ಮುಖ್ಯ. ಕನಿಷ್ಠ ದರ 30.00 ಎಂದರೆ 2021ರ ಡಿಸೆಂಬರ್ ನಂತರದ ಗಾಡಿ, 36.00 ಎಂದರೆ 2025ರ ಆಗಸ್ಟ್ ನಂತರದ್ದು.

ಕಿಟಕಿಬದಿ

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ನಮ್ಮ ಮನೆಯ ಹತ್ತಿರದ ಶಂಕರ್‌ನಾಗ್ ಆಟೋ ನಿಲ್ದಾಣಕ್ಕೆ ಟೇಪು ಹಿಡಿದು ಹೋಗಿದ್ದೆ. ಸರ್ ಹೇಳಿದ ಹಾಗೆಯೇ ಆಯಿತು, ಮೂವರು ಕೂಡಿ ಅಳತೆ ಹಿಡಿದರು. ಒಬ್ಬರಂತೂ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಅದು ಸ್ಕೂಟರಿನಂತೆ ಒಂದೇ ಬದಿಯ ತೋಳಿನ ಮೇಲೆ ನಿಂತಿರುವುದನ್ನು ತೋರಿಸಿಕೊಟ್ಟರು. ದಿನಾ ಹತ್ತುವ ಗಾಡಿ, ಎರಡೂ ಬದಿ ಫೋರ್ಕ್ ಇರುತ್ತದೆ ಎಂದೇ ಎಣಿಸಿದ್ದೆ. ಹಿಡಿಕಂಬಿಯನ್ನೂ ನೋಡಿದೆ. ಬಣ್ಣ ಹೋದ ಜಾಗ ನಿಜವಾಗಿಯೂ ಒಂದು ಗೇಣು, ಅದರ ಕೆಳಗಡೆ ಯಾರೋ ಮಗುವಿಗೆಂದು ಹಳದಿ ಟೇಪು ಸುತ್ತಿದ್ದರು. ಅದನ್ನೂ ಮಾಡುತ್ತೇನೆ.

ತೀರ್ಮಾನ: ಹಸಿರು ಆಟೋ, ಮೀಟರಿನಲ್ಲಿ 30.00. ಅತ್ತೆ ಮಂಡಿನೋವಿನಿಂದಾಗಿ ಕಳೆದ ಮೂರ್ನಾಲ್ಕು ವರ್ಷ ಹೆಚ್ಚು ಓಡಾಡಿದ್ದು ಅದರಲ್ಲೇ. ದಿನ ಆಯುಧಪೂಜೆಯದು. ಆಗ ಕೊಳೆಯ ಜಗಳವೂ ಇರುವುದಿಲ್ಲ, ಅಂದು ಎಲ್ಲ ಗಾಡಿಯೂ ತೊಳೆದೇ ಇರುತ್ತದೆ.

ಎರಡು ಸಂದೇಹ ಉಳಿದಿವೆ. ನಂಬರ್ ಪ್ಲೇಟು ಮತ್ತು ಹಿಂದಿನ ಕನ್ನಡ ಬರಹ ಇಷ್ಟು ಸಣ್ಣದಾಗಿ ಹೇಗೆ ಬರೆಯುವುದು? ಚೆಂಡುಹೂವಿನ ಹಾರ, ನಿಂಬೆಹಣ್ಣು ಯಾವುದರಲ್ಲಿ ಮಾಡುವುದು?

ಟ್ರ್ಯಾಕ್ ಲಿಂಕ್

ಕೊಳೆಯ ವಿಷಯದಲ್ಲಿ ಸರ್ ಜೊತೆ ವಾದ ಇನ್ನೂ ಮುಗಿದಿಲ್ಲ, ಆದರೆ ಬರಹದ ವಿಷಯ ನನಗೆ ಬಿಡಿ.

ಕೈಯಲ್ಲಿ ಬರೆಯಲು ಹೋಗಬೇಡಿ. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಡೆಕಾಲ್ ಕಾಗದ ಸಿಗುತ್ತದೆ, ಅದರ ಮೇಲೆ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿ. 600 ಡಿಪಿಐ ಪ್ರಿಂಟರ್ ಒಂದು ಮಿಲಿಮೀಟರಿನಲ್ಲಿ ಸುಮಾರು 24 ಚುಕ್ಕಿ ಹಾಕುತ್ತದೆ. ಪ್ಲೇಟಿನ ಅಕ್ಷರ ನಿಮಗೆ ಒಂದೂವರೆ ಮಿಲಿಮೀಟರ್ ಬೇಕಾದೀತು, ಅಂದರೆ 35 ಚುಕ್ಕಿ ಎತ್ತರ. ಇಂಗ್ಲಿಷ್ ಅಕ್ಷರ, ಅಂಕಿಗೆ ಅದು ಧಾರಾಳ. ಕನ್ನಡದಲ್ಲಿ ಒತ್ತು, ಗುಣಿತ ಮೇಲೆ ಕೆಳಗೆ ಹರಡುವುದರಿಂದ ಅದೇ 35 ಚುಕ್ಕಿಯಲ್ಲಿ ಅಕ್ಷರದ ಮೈಗೆ ಉಳಿಯುವುದು ಅರ್ಧ ಮಾತ್ರ. ಹಿಂದಿನ ಬರಹವನ್ನು 3 ಮಿಲಿಮೀಟರಿಗೆ ಏರಿಸಿ, ದಪ್ಪ ಅಕ್ಷರ ಬೇಡ, ಒತ್ತು ಕಡಿಮೆ ಇರುವ ಸಾಲನ್ನು ಆರಿಸಿ.

ಲೇಸರ್ ಪ್ರಿಂಟರ್ ಬಿಳಿಯನ್ನು ಮುದ್ರಿಸುವುದಿಲ್ಲ. ಪಾರದರ್ಶಕ ಡೆಕಾಲಿನಲ್ಲಿ ಹಳದಿ ಮುದ್ರಿಸಿ ಹಸಿರಿನ ಮೇಲೆ ಅಂಟಿಸಿದರೆ ಹಳದಿ ಮಾಯವಾಗುತ್ತದೆ. ಬಾಡಿಗೆ ಗಾಡಿಯ ಪ್ಲೇಟು ಹಳದಿಯ ಮೇಲೆ ಕಪ್ಪು, ಆದ್ದರಿಂದ ಬಿಳಿ ಡೆಕಾಲ್ ಕಾಗದವನ್ನೇ ಕೊಳ್ಳಿ. ಕೆಂಪು ಹಳದಿ ಬಾವುಟದ ಸ್ಟಿಕ್ಕರಿಗೂ ಅದೇ. ಅಂಟಿಸುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಷ್ ಹೊಡೆದಿರಬೇಕು. ಒರಟು ಮೇಲ್ಮೈಯಲ್ಲಿ ಕೆಳಗೆ ಗಾಳಿ ಸಿಕ್ಕಿಹಾಕಿಕೊಂಡು ಡೆಕಾಲ್ ಬೆಳ್ಳಿಬೆಳ್ಳಿಯಾಗಿ ಕಾಣುತ್ತದೆ. ಕೆಎ 04ರ ಸಂಖ್ಯೆ ಹಾಕುತ್ತೀರಾದರೆ ಸ್ಟ್ಯಾಂಡಿನ ಯಾರದ್ದೋ ನಿಜವಾದ ಸಂಖ್ಯೆ ಹಾಕಬೇಡಿ, ಕೇಳಿಕೊಂಡು ಹಾಕಿದರೆ ಬೇರೆ ಮಾತು.

ಪೈಪಿಂಗ್ ಹೊಲಿಗೆ

ಹಿಂದೆ ಶಂಕರ್‌ನಾಗ್ ಚಿತ್ರ ಬರಲೇಬೇಕು ಮೇಡಂ. 1990ರಲ್ಲಿ ಹೋದವರು, ನಮ್ಮ ಅಂಗಡಿಗೆ ಬರುವ ಹುಡುಗರಲ್ಲಿ ಅರ್ಧ ಜನ ಆಮೇಲೆ ಹುಟ್ಟಿದವರು. ಆದರೂ ಹೊಸ ಹೊದಿಕೆ ಹಾಕಿಸಿದರೆ ಮೊದಲು ಕೇಳುವುದು ಆ ಚಿತ್ರವನ್ನೇ. ಆಯುಧಪೂಜೆಗಾದರೆ ಎರಡು ಬದಿಗೂ ಬಾಳೆಕಂದು ಕಟ್ಟಿ.

ಅರ್ಧ ಇಂಚು

ನಿಂಬೆಹಣ್ಣು 4 ಸೆಂಟಿಮೀಟರ್ ಇದ್ದರೆ 1/24ರಲ್ಲಿ 1.7 ಮಿಲಿಮೀಟರ್. ಅಡುಗೆಮನೆಯ ಸಾಸಿವೆ ಡಬ್ಬಿ ತೆರೆಯಿರಿ, ಸರಿಯಾದ ಗಾತ್ರದ್ದು ಆರಿಸಿ. ಹಳದಿ ಬಣ್ಣದಲ್ಲಿ ಅದ್ದಿ ಟೈರಿನ ಮುಂದೆ ಒಂದೊಂದು ಇಡಿ. ಟೈರು ಉರುಳಿ ಹೋದ ಮೇಲಿನ ಕ್ಷಣ ಬೇಕಾದರೆ ಜಜ್ಜಿದ್ದನ್ನು ಹಿಂದೆ ಇಡಿ. ಒಂದು ಅಡಿಯ ಬೂದುಗುಂಬಳ ಅರ್ಧ ಇಂಚು ಬರುತ್ತದೆ, ಹಾಲೆ ಮರದಲ್ಲಿ ಕಡೆದು ಒಂದು ಬದಿ ಒಡೆದು ಕುಂಕುಮದ ಬಣ್ಣ ತುಂಬಿ. ಚೆಂಡುಹೂವಿಗೆ ಪಾತ್ರೆ ಉಜ್ಜುವ ಸ್ಪಾಂಜನ್ನು ಕೆರೆದ ಪುಡಿ, ದಾರಕ್ಕೆ ಅಂಟು ಹಚ್ಚಿ ಅದರಲ್ಲಿ ಹೊರಳಿಸಬೇಕು. ಒಂದೊಂದು ಹೂವು 2 ಮಿಲಿಮೀಟರ್ ದಾಟದಿರಲಿ, ದಾಟಿದರೆ ಆಟೋಗೆ ಕುಂಬಳಕಾಯಿ ಹಾರ ಹಾಕಿದಂತಾಗುತ್ತದೆ. ಬಾಳೆಕಂದಿನ ಎಲೆಗೆ ಕಾಗದ ಸಾಕು, ಅಂಚು ಅಲ್ಲಲ್ಲಿ ಹರಿದಿರಲಿ.

ಮುಂದಿನ ಚಕ್ರದ ತೋಳು ಯಾವ ಬದಿಗೆ ಎಂಬುದನ್ನು ನಿಮ್ಮ ಫೋಟೋದ ಹಿಂದೆಯೇ ಬರೆದಿಟ್ಟುಕೊಳ್ಳಿ. ಕಟ್ಟಲು ಕುಳಿತಾಗ ಗಾಡಿಯನ್ನು ತಲೆಕೆಳಗೆ ಹಿಡಿದಿರುತ್ತೀರಿ, ಆಗ ಎಡ ಬಲ ತಿರುವುಮುರುವಾಗುತ್ತದೆ. ಓ-ರಿಂಗಿಗೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಹೋಗುವುದಾದರೆ ಶನಿವಾರ ಹೋಗಿ, ಭಾನುವಾರ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಮೂರು ಸಾಕು ಎಂದು ಮೂರೇ ತರಬೇಡಿ, ಹತ್ತು ತನ್ನಿ. ಹಿಂದೆ ಸ್ಟೆಪ್ನಿ ಒಂದು ಬೇಕಲ್ಲ.